ಉಂಗ್ರದ ಒಲೆ, ನಾನಿಯ ಅಡುಗೆಮನೆ: ಅಮೂಲ್ಯ ರೆಡ್ಡಿಯವರ ಬದುಕು

ನಮ್ಮ ವಾರ್ತಾಪತ್ರದ ಸಾಧಕರ ಪುಟಕ್ಕೆ ಈ ಸಲ ಕರ್ನಾಟಕದ ಒಬ್ಬ ವಿಜ್ಞಾನಿಯ ಬಗ್ಗೆ ಬರೆಯಬೇಕೆಂದು ಕೆಮಿಸ್ಟ್ರಿ ಸರ್ ಹೇಳಿದಾಗ ತರಗತಿಯಲ್ಲಿ ಹೆಸರುಗಳು ಪಟಪಟನೆ ಬಂದವು. ವಿಶ್ವೇಶ್ವರಯ್ಯ, ಸಿ.ವಿ. ರಾಮನ್, ಸಿ.ಎನ್.ಆರ್. ರಾವ್. ಒಂದೊಂದು ಹೆಸರಿಗೆ ಇಬ್ಬಿಬ್ಬರು ಗಂಟುಬಿದ್ದರು. ನನ್ನ ಸರದಿ ಬರುವ ಹೊತ್ತಿಗೆ ಯಾವ ಹೆಸರೂ ಉಳಿದಿರಲಿಲ್ಲ. ಆಗ ಸರ್ ಅವರೇ ಅಮೂಲ್ಯ ಕುಮಾರ್ ಎನ್. ರೆಡ್ಡಿ ಎಂಬ ಹೆಸರನ್ನು ಹಲಗೆಯ ಮೇಲೆ ಬರೆದು, ಎಲೆಕ್ಟ್ರೋಕೆಮಿಸ್ಟ್ರಿ ಪಾಠ ಮುಗಿಯುವುದರೊಳಗೆ ಇವರ ಬಗ್ಗೆ ಓದಿಕೊಂಡು ಬಾ ಎಂದರು. ನಾನು ಆ ಹೆಸರನ್ನೇ ಕೇಳಿರಲಿಲ್ಲ. ಅವರು ತೀರಿಕೊಂಡದ್ದು 2006ರ ಮೇ 7ರಂದು. ನಮ್ಮ ತರಗತಿಯವರು ಆಗಿನ್ನೂ ಹುಟ್ಟಿರಲಿಲ್ಲ.

ಮೊದಮೊದಲು ಬೇಸರದಿಂದಲೇ ಓದಲು ಕೂತೆ. ಓದುತ್ತ ಓದುತ್ತ ಈ ಮನುಷ್ಯ ನಮ್ಮ ನಾನಿಯ ಅಡುಗೆಮನೆಗೆ ಬಂದು ಕೂತುಬಿಟ್ಟರು. ಅದು ಹೇಗೆಂದು ಹೇಳುವ ಮೊದಲು ಆ ಅಡುಗೆಮನೆಯ ವಿಷಯ ಹೇಳಬೇಕು.

ನಾನಿ ಇರುವುದು ಜೋಯಿಡಾ ತಾಲೂಕಿನ ರಾಮನಗರದ ಹತ್ತಿರ. ಅವರ ಹುಟ್ಟೂರು ಹಳೆಯ ಸೂಪಾ. ಕಾಳಿ ನದಿಗೆ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಸೂಪಾ ಪೇಟೆ ಮುಳುಗಿತು, ಮನೆಮಠ ಕಳೆದುಕೊಂಡವರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಆ ನೀರಿನಿಂದ ತಯಾರಾದ ಕರೆಂಟು ರಾಜ್ಯದ ತುಂಬ ಹರಿಯಿತು. ನಾನಿಯ ಮನೆಯಲ್ಲಿ ಅಡುಗೆ ಮಾತ್ರ ಇವತ್ತಿಗೂ ಕಟ್ಟಿಗೆ ಒಲೆಯ ಮೇಲೆ. ಗ್ಯಾಸ್ ಸಿಲಿಂಡರ್ ಇದೆ. ಚಹಾ ಕಾಸಲು, ಬೆಳಿಗ್ಗೆ ಬೇಗ ಹೊರಡುವವರಿಗೆ ಏನಾದರೂ ಮಾಡಿಕೊಡಲು ಅದನ್ನು ಹಚ್ಚುತ್ತಾರೆ. ಅನ್ನ, ರೊಟ್ಟಿ, ದನಕ್ಕೆ ಬೇಯಿಸುವುದು, ಸ್ನಾನದ ನೀರು ಎಲ್ಲಾ ಕಟ್ಟಿಗೆಯಲ್ಲೇ. ಮಳೆಗಾಲದ ನಾಲ್ಕು ತಿಂಗಳು ಹಸಿ ಕಟ್ಟಿಗೆ ಊದಿ ಊದಿ ನಾನಿಯ ಎದೆ ಕೆಟ್ಟಿದೆ. ಹೋದ ವರ್ಷ ಉಸಿರು ಸಿಕ್ಕದೆ ದಾಂಡೇಲಿಗೆ ಕರೆತಂದಾಗ ಡಾಕ್ಟರು ಬೀಡಿ ಸೇದುತ್ತೀರಾ ಎಂದು ಕೇಳಿದರಂತೆ. ನಾನಿಗೆ ಅದು ದೊಡ್ಡ ಅವಮಾನ. ಡಾಕ್ಟರು ಕೇಳಿದ್ದು ತಪ್ಪಲ್ಲ. ಐವತ್ತು ವರ್ಷ ಒಲೆಯ ಮುಂದೆ ಕೂತವರ ಎದೆಯನ್ನು ಬೀಡಿ ಸೇದಿದವರ ಎದೆಯಿಂದ ಬೇರೆ ಮಾಡಿ ಗುರುತಿಸುವುದು ಕಷ್ಟ. ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 2020ರಲ್ಲಿ ಸುಮಾರು 32 ಲಕ್ಷ ಜನ ಅಕಾಲದಲ್ಲಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು.

ಹೊಗೆ ಇಲ್ಲದ ಒಲೆ ಹುಡುಕಬೇಕೆಂದು ಅಂದಿನಿಂದ ಮನೆಯಲ್ಲಿ ಮಾತು ನಡೆದಿದೆ. ಹುಡುಕುವ ಕೆಲಸ ಮಾಮುವಿನದು, ಓದಿ ಹೇಳುವ ಕೆಲಸ ನನ್ನದು.

ಈಗ ರೆಡ್ಡಿಯವರ ಕಡೆಗೆ ಬರುತ್ತೇನೆ.

ಅವರು ಹುಟ್ಟಿದ್ದು 1930ರ ಅಕ್ಟೋಬರ್ 21ರಂದು, ಬೆಂಗಳೂರಿನಲ್ಲಿ. ಸೆಂಟ್ರಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದರು. ಅಲ್ಲಿಂದ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋಗಿ 1958ರಲ್ಲಿ ಪಿಎಚ್.ಡಿ. ಪಡೆದರು. ವಿಷಯ ಎಲೆಕ್ಟ್ರೋಕೆಮಿಸ್ಟ್ರಿ. ನಾವು ದ್ವಿತೀಯ ಪಿಯುಸಿಯಲ್ಲಿ ಓದುವ ಆನೋಡು, ಕ್ಯಾಥೋಡು, ನರ್ನ್‌ಸ್ಟ್ ಸಮೀಕರಣದ ಲೋಕವೇ ಅವರ ಲೋಕ. ಭಾರತಕ್ಕೆ ಮರಳಿ ಕಾರೈಕುಡಿಯ ಕೇಂದ್ರೀಯ ಎಲೆಕ್ಟ್ರೋಕೆಮಿಕಲ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಆಮೇಲೆ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಜಾನ್ ಬೊಕ್ರಿಸ್ ಎಂಬ ದೊಡ್ಡ ವಿಜ್ಞಾನಿಯ ಜೊತೆ ಸಂಶೋಧನೆ ಮಾಡಿದರು. ಇಬ್ಬರೂ ಸೇರಿ ಬರೆದ ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ ಎಂಬ ಎರಡು ಸಂಪುಟಗಳ ಪುಸ್ತಕ 1970ರಲ್ಲಿ ಹೊರಬಂತು. ಈ ವಿಷಯದಲ್ಲಿ ಎಂ.ಎಸ್ಸಿ. ಮಾಡುವವರು ಇಂದಿಗೂ ಆ ಪುಸ್ತಕ ತಿರುವುತ್ತಾರೆ. ಅದರೊಳಗೆ 1966ರಲ್ಲೇ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿಯಾಗಿತ್ತು. ನಾವು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತೇವಲ್ಲ, ಅದೇ.

ಇಲ್ಲಿಗೇ ನಿಂತಿದ್ದರೂ ಅದೊಂದು ಒಳ್ಳೆಯ ಜೀವನವೇ. ಪುಸ್ತಕ ಇತ್ತು, ಹೆಸರಿತ್ತು, ಪ್ರಯೋಗಾಲಯ ಇತ್ತು. ನಮ್ಮಲ್ಲಿ ಬಹಳ ಮಂದಿ ಇಷ್ಟು ಸಿಕ್ಕರೆ ಸಾಕು ಎನ್ನುತ್ತೇವೆ. ಆದರೆ ನಾಲ್ವತ್ತರ ಹರೆಯ ದಾಟಿದ ಮೇಲೆ ಈ ಮನುಷ್ಯ ದಾರಿ ಬದಲಿಸಿದರು. ದೇಶದ ಅತಿ ದೊಡ್ಡ ವಿಜ್ಞಾನ ಸಂಸ್ಥೆಯಲ್ಲಿ ನಡೆಯುವ ಕೆಲಸದಲ್ಲಿ ಹಳ್ಳಿಯವರಿಗೆ ಏನು ಸಿಗುತ್ತಿದೆ ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. 1974ರಲ್ಲಿ ಕೆಲವು ಸಹೋದ್ಯೋಗಿಗಳನ್ನು ಕೂಡಿಸಿಕೊಂಡು ಅಸ್ತ್ರ ಎಂಬ ಕೇಂದ್ರ ತೆರೆದರು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಗ್ರಾಮೀಣ ಪ್ರದೇಶಕ್ಕೆ ಅನ್ವಯಿಸುವುದು ಎಂಬ ಉದ್ದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಜೋಡಿಸಿದರೆ ಕನ್ನಡದ ಅಸ್ತ್ರ ಆಗುತ್ತದೆ. ರಾಜ್ಯ ಸರ್ಕಾರ ಅದೇ ಹೊತ್ತಿಗೆ ಹುಟ್ಟುಹಾಕಿದ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಕಾರ್ಯದರ್ಶಿಯ ಹೊಣೆಯೂ ಅವರ ಹೆಗಲಿಗೆ ಬಂತು.

ಕೆಲಸದ ಜಾಗವಾಗಿ ಆರಿಸಿಕೊಂಡದ್ದು ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಉಂಗ್ರ ಎಂಬ ಹಳ್ಳಿ. ಬೆಂಗಳೂರಿನಿಂದ ನೂರು ಕಿಲೋಮೀಟರಿಗಿಂತ ಸ್ವಲ್ಪ ದೂರ. ಅಲ್ಲಿ ಅಸ್ತ್ರದ ವಿಸ್ತರಣಾ ಕೇಂದ್ರ ಎದ್ದಿತು. ಹೊಸ ಯಂತ್ರ ಮಾಡಿ ಹಳ್ಳಿಗೆ ಒಯ್ಯುವ ಅವಸರವನ್ನು ಅವರ ತಂಡ ಮಾಡಲಿಲ್ಲ. ಮೊದಲು ಲೆಕ್ಕ ಹಾಕಿದರು. ನನಗೆ ಬಹಳ ಹಿಡಿಸಿದ ಭಾಗ ಇದು. ಉಂಗ್ರದ ಪಕ್ಕದ ಪುರ ಎಂಬ ಪುಟ್ಟ ಹಳ್ಳಿ, ಅದರಂಥ ಇನ್ನೂ ಐದು ಹಳ್ಳಿಗಳು. ಪುರದಲ್ಲಿ 1977ರಲ್ಲಿ 56 ಮನೆ, 357 ಜನ. ಈ ಹಳ್ಳಿಗಳಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮನೆಮನೆಗೆ ಹೋಗಿ ಅಳೆದರು. ಶಕ್ತಿ ಎಂದರೆ ಕರೆಂಟು, ಡೀಸೆಲ್ ಎಂದಷ್ಟೇ ತಿಳಿದಿದ್ದ ಕಾಲದಲ್ಲಿ ಅವರು ಎತ್ತಿನ ದುಡಿಮೆ, ಗಂಡಸಿನ ದುಡಿಮೆ, ಹೆಂಗಸಿನ ದುಡಿಮೆ, ಮಕ್ಕಳ ದುಡಿಮೆ, ಕಟ್ಟಿಗೆ ಹೊರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿದರು.

ತೂಗಿದಾಗ ಕಂಡದ್ದು ಏನೆಂದರೆ ಹಳ್ಳಿಯ ಶಕ್ತಿಯ ಬಹುಪಾಲು ಕಟ್ಟಿಗೆಯೇ, ಆ ಕಟ್ಟಿಗೆಯ ಬಹುಪಾಲು ಹೋಗುವುದು ಅಡುಗೆಗೇ. ಕರೆಂಟಿನ ಪಾಲು ಬಹಳ ಚಿಕ್ಕದು. ಕಟ್ಟಿಗೆ ತರುವುದು, ನೀರು ಹೊರುವುದು, ದನ ಮೇಯಿಸುವುದು, ಅಡುಗೆ ಮಾಡುವುದು ಈ ನಾಲ್ಕು ಕೆಲಸಗಳಿಗೆ ತಗಲುವ ಒಟ್ಟು ತಾಸುಗಳಲ್ಲಿ ಹೆಂಗಸರದ್ದು ಶೇ. 53. ಕಟ್ಟಿಗೆ ಆರಿಸುವ ಕೆಲಸದಲ್ಲಿ ಮಕ್ಕಳ ಪಾಲು ಶೇ. 30ರಷ್ಟು. ಆ ಮಕ್ಕಳು ಆ ಹೊತ್ತಿನಲ್ಲಿ ಶಾಲೆಯಲ್ಲಿ ಇರಬೇಕಾಗಿತ್ತು. ಈ ಅಂಕಿಗಳನ್ನು ನಾನು ಅಮ್ಮಿಗೆ ಓದಿ ಹೇಳಿದಾಗ ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ, ಆದರೆ ಶೇ. 53 ಕಡಿಮೆ ಆಯಿತು ಎಂದರು. ಅಮ್ಮಿ ಚಿಕ್ಕವರಿದ್ದಾಗ ಜಗಲಬೇಟ ಕಡೆಯ ಕಾಡಿಗೆ ಅಕ್ಕಂದಿರ ಜೊತೆ ಹೊರೆ ತರಲು ಹೋಗುತ್ತಿದ್ದರು. ಈಗ ಆ ಕಾಡಿನ ಬಹಳಷ್ಟು ಭಾಗ ಹುಲಿ ಸಂರಕ್ಷಿತ ಪ್ರದೇಶದ ಸುತ್ತಮುತ್ತ ಬರುತ್ತದೆ. ದಾಂಡೇಲಿ ಅಭಯಾರಣ್ಯ, ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ ಆದ ಮೀಸಲಿಗೆ 2015ರಲ್ಲಿ ಕಾಳಿ ಹೆಸರು ಬಂತು. ಕಟ್ಟಿಗೆ ಮೊದಲಿನಂತೆ ಸಿಗುವುದಿಲ್ಲ, ಸಿಗಬಾರದು ಕೂಡ. ಹಾಗಾಗಿ ಒಲೆ ಕಡಿಮೆ ತಿನ್ನಬೇಕು.

ಇದೇ ಲೆಕ್ಕದಿಂದ ಅಸ್ತ್ರದವರು ಒಲೆಗೆ ಕೈ ಹಾಕಿದರು. ಒಂದು ಮಾತು ಸ್ಪಷ್ಟ ಮಾಡಬೇಕು. ಒಲೆಯನ್ನು ರೂಪಿಸಿದವರು ರೆಡ್ಡಿಯವರೊಬ್ಬರೇ ಅಲ್ಲ. ಕೆ.ಎಸ್. ಜಗದೀಶ್, ಎಸ್.ಎಸ್. ಲೋಕರಸ್ ಮೊದಲಾದ ಸಹೋದ್ಯೋಗಿಗಳು 1980ರ ದಶಕದ ಆರಂಭದಲ್ಲಿ ಮಣ್ಣು ಕಲಸಿ, ಕಟ್ಟಿ, ಒಡೆದು, ಮತ್ತೆ ಕಟ್ಟಿ ಮಾಡಿದ ಕೆಲಸ ಅದು. ಸಿವಿಲ್ ಇಂಜಿನಿಯರಿಂಗ್ ಕಲಿಸುವ ಪ್ರೊಫೆಸರುಗಳು ಒಲೆಯ ಬೂದಿಗುಂಡಿಯ ಆಳ ಎಷ್ಟಿರಬೇಕೆಂದು ತಲೆ ಕೆಡಿಸಿಕೊಳ್ಳುವಂಥ ವಾತಾವರಣವನ್ನು ಆ ಸಂಸ್ಥೆಯೊಳಗೆ ಕಟ್ಟಿದ್ದು ರೆಡ್ಡಿಯವರ ಪಾಲಿನ ಕೆಲಸ. ಅದು ಒಲೆ ಕಟ್ಟುವುದಕ್ಕಿಂತ ಸುಲಭವಾಗಿತ್ತು ಎಂದು ನನಗೆ ಅನಿಸುವುದಿಲ್ಲ.

ಹೊಗೆ ಎಂದರೇನು ಎಂದು ಒಮ್ಮೆ ಯೋಚಿಸಿ ನೋಡಿ. ಕಟ್ಟಿಗೆ ಕಾದಾಗ ಅದರ ತೂಕದ ಮುಕ್ಕಾಲಿಗೂ ಹೆಚ್ಚು ಭಾಗ ಅನಿಲವಾಗಿ ಹೊರಬರುತ್ತದೆ. ಆ ಅನಿಲಕ್ಕೆ ಸಾಕಷ್ಟು ಬಿಸಿ, ಸಾಕಷ್ಟು ಗಾಳಿ, ಬೆರೆಯಲು ಒಂದಿಷ್ಟು ಹೊತ್ತು ಸಿಕ್ಕರೆ ಜ್ವಾಲೆಯಾಗಿ ಉರಿದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತದೆ. ಸಿಗದಿದ್ದರೆ ಅದೇ ಹೊಗೆ, ಮಸಿ, ಕಾರ್ಬನ್ ಮೋನಾಕ್ಸೈಡ್. ಅಂದರೆ ನಾನಿಯ ಕಣ್ಣಿಗೆ ಹೋಗುವ ಹೊಗೆ ನಾವು ಕಷ್ಟಪಟ್ಟು ತಂದ, ಉರಿಯದೆ ಉಳಿದ ಕಟ್ಟಿಗೆ. ಮೂರು ಕಲ್ಲಿನ ಒಲೆಯಲ್ಲಿ ಸುತ್ತಲಿನ ತಣ್ಣನೆ ಗಾಳಿ ಬೆಂಕಿಯನ್ನು ತಂಪು ಮಾಡುತ್ತದೆ, ಬಿಸಿ ಪಾತ್ರೆಯ ಪಕ್ಕದಿಂದ ಜಾರಿ ಹೋಗುತ್ತದೆ. ಹಸಿ ಕಟ್ಟಿಗೆಯಾದರೆ ಇನ್ನೂ ಕಷ್ಟ. ಒಂದು ಕಿಲೋ ನೀರನ್ನು ಆವಿ ಮಾಡಲು 2260 ಕಿಲೋಜೂಲ್ ಬೇಕೆಂದು ನಾವು ಫಿಸಿಕ್ಸಿನಲ್ಲಿ ಓದಿದ್ದೇವೆ. ಆ ಖರ್ಚು ಬೀಳುವುದು ಕಟ್ಟಿಗೆಯ ಮೇಲೆಯೇ.

ಒಂದು ಲೆಕ್ಕ ಮಾಡಿದೆ. ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 16,000 ಕಿಲೋಜೂಲ್ ಶಾಖ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಸಲು ಸುಮಾರು 314 ಕಿಲೋಜೂಲ್. ಎಲ್ಲ ಶಾಖವೂ ನೀರಿಗೇ ಹೋದರೆ ಒಂದು ಕಿಲೋದಲ್ಲಿ 50 ಲೀಟರ್ ಕುದಿಯಬೇಕು. ಹಳೆಯ ಒಲೆಗಳ ದಕ್ಷತೆ ಶೇ. 10ರ ಆಸುಪಾಸು, ಅಂದರೆ 5 ಲೀಟರ್. ಶೇ. 30ರ ಒಲೆಯಾದರೆ 15 ಲೀಟರ್. ಅಂದರೆ ಮೂರು ಹೊರೆಯ ಜಾಗದಲ್ಲಿ ಒಂದೇ ಹೊರೆ.

ಅಸ್ತ್ರ ಒಲೆಯಲ್ಲಿ ಮಾಡಿದ್ದು ಇಷ್ಟು. ಬೆಂಕಿಗೆ ನಾಲ್ಕೂ ಕಡೆ ಮುಚ್ಚಿದ ಗೂಡು. ಕಟ್ಟಿಗೆ ನೆಲದ ಮೇಲೆ ಬೀಳದೆ ಕಬ್ಬಿಣದ ಜಾಲರಿಯ ಮೇಲೆ ಕೂತು, ಕೆಳಗಿನ ಬೂದಿಗುಂಡಿಯಿಂದ ಗಾಳಿ ಎಳೆದುಕೊಳ್ಳುವಂತೆ ವ್ಯವಸ್ಥೆ. ಪಾತ್ರೆ ಒಲೆಯ ಮೇಲೆ ಅಲ್ಲ, ತೂತಿನೊಳಗೆ ಬಿಗಿಯಾಗಿ ಇಳಿದು ಕೂರುತ್ತದೆ. ಮೊದಲ ಪಾತ್ರೆಯನ್ನು ಕಾಸಿದ ಬಿಸಿ ಗಾಳಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗಿ ಕಡೆಗೆ ಚಿಮಣಿಯಿಂದ ಹೊರಗೆ. ಚಿಮಣಿ ಎಂದಾಗ ನಾನಿಗೆ ಸೀಮೆಎಣ್ಣೆ ದೀಪ ನೆನಪಾಗಿ, ಒಲೆಯೊಳಗೆ ಅದನ್ನು ಏಕೆ ಇಡುತ್ತಾರೆ ಎಂದು ಕೇಳಿದರು. ಹೊಗೆಕೊಳವೆ ಎಂದು ಬಿಡಿಸಿ ಹೇಳಬೇಕಾಯಿತು. ಸ್ನಾನದ ನೀರಿಗೂ ಅಸ್ತ್ರದವರು ಬೇರೆ ಒಲೆ ಮಾಡಿದರು. ನಮ್ಮ ಮಲೆನಾಡಿನ ಕಡೆ ಬಚ್ಚಲ ಒಲೆಗೆ ಎಷ್ಟು ಕಟ್ಟಿಗೆ ಹೋಗುತ್ತದೆ ಎಂದು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಒಲೆಗಳು ಕರ್ನಾಟಕದ ಹಳ್ಳಿಗಳಿಗೆ ದೊಡ್ಡ ಸಂಖ್ಯೆಯಲ್ಲಿ ಹೋದವು. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುಮಾಡಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಬಗೆಬಗೆಯ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಕೊಟ್ಟ ಲೆಕ್ಕ ಇತ್ತು. ಲೆಕ್ಕದಲ್ಲಿದ್ದ ಒಲೆಗಳೆಲ್ಲ ಉರಿಯುತ್ತಿರಲಿಲ್ಲ. ಬಹಳ ಕಡೆ ಕಟ್ಟಿದವರು ಗುರಿ ಮುಟ್ಟಿಸಿ ಹೋದರು. ತೂತಿನ ಅಳತೆ ಮನೆಯ ಪಾತ್ರೆಗೆ ಸರಿಹೊಂದಲಿಲ್ಲ, ಚಿಮಣಿಯಲ್ಲಿ ಮಸಿ ಕಟ್ಟಿದಾಗ ತೆಗೆಯುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬಿರುಕು ಬಿಟ್ಟ ಒಲೆಯನ್ನು ಒಡೆದು ಜನ ಮತ್ತೆ ಮೂರು ಕಲ್ಲು ಇಟ್ಟುಕೊಂಡರು. ಅರ್ಧ ಇಂಚು ಹೆಚ್ಚುಕಡಿಮೆಯಾದರೂ ಒಲೆಯ ಗುಣ ಕೆಡುತ್ತದೆ ಎಂದು ಅಸ್ತ್ರದವರಿಗೆ ಗೊತ್ತಿತ್ತು. ಅದಕ್ಕಾಗಿಯೇ ಅವರು ಅಚ್ಚು ಇಟ್ಟುಕೊಂಡು ಕಟ್ಟುವುದನ್ನು ಕಲಿಸುತ್ತಿದ್ದರು. ಕೋಟಿಗಳ ಲೆಕ್ಕದಲ್ಲಿ ಅರ್ಧ ಇಂಚನ್ನು ಯಾರು ನೋಡುತ್ತಾರೆ?

ರೆಡ್ಡಿಯವರ ಬದುಕಿನಲ್ಲಿ ನನಗೆ ಅತ್ಯಂತ ಇಷ್ಟವಾದ ಘಟನೆ ಒಲೆಯದ್ದಲ್ಲ, ಪುರದ ಸಗಣಿ ಗ್ಯಾಸಿನದ್ದು. ಹಳ್ಳಿಯ ಎಲ್ಲ ದನಗಳ ಸಗಣಿ ಒಂದೆಡೆ ಸೇರಿಸಿ, ಒಂದೇ ದೊಡ್ಡ ಸ್ಥಾವರ ಕಟ್ಟಿ, ಮನೆಮನೆಗೂ ಅಡುಗೆ ಗ್ಯಾಸು ಕೊಡಬೇಕೆಂದು ಮೊದಲು ಯೋಚಿಸಿದರು. ಕಾಗದದ ಮೇಲೆ ಚೆನ್ನಾಗಿತ್ತು. ನಡೆಸಿದಾಗ ಸಗಣಿ ಸಾಲಲಿಲ್ಲ, ಎಲ್ಲ ಮನೆಗೂ ಅಡುಗೆಗೆ ಆಗುವಷ್ಟು ಗ್ಯಾಸು ಬರಲಿಲ್ಲ. ಯೋಜನೆ ಸೋತಿತು. ಸೋತದ್ದನ್ನು ಮುಚ್ಚಿಡದೆ ಮತ್ತೆ ಹಳ್ಳಿಯವರ ಮುಂದೆಯೇ ಕೂತರು. ನಿಮಗೆ ಮೊದಲು ಬೇಕಾದದ್ದೇನು ಎಂಬ ಪ್ರಶ್ನೆಗೆ ಬಂದ ಉತ್ತರ ಗ್ಯಾಸು ಅಲ್ಲ, ಕುಡಿಯುವ ನೀರು. 1987ರಲ್ಲಿ ಅದೇ ಸ್ಥಾವರದ ಗ್ಯಾಸಿನಿಂದ ಡೀಸೆಲ್ ಇಂಜಿನ್ ಓಡಿಸಿ, ಕರೆಂಟು ಮಾಡಿ, ಕೊಳವೆಬಾವಿಯ ನೀರು ಮೇಲೆತ್ತಿ ನಲ್ಲಿಗೆ ಬಿಟ್ಟರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ಹಣ, ಗ್ಯಾಸು ತೆಗೆದ ಮೇಲಿನ ಗೊಬ್ಬರವೂ ಅವರಿಗೇ ವಾಪಸು. ನಡೆಸಿದವರು ಹಳ್ಳಿಯವರೇ. ಅಡುಗೆಯ ಹೊಗೆ ಮಾತ್ರ ಹಾಗೇ ಉಳಿಯಿತು ಎಂಬುದನ್ನೂ ಇಲ್ಲಿ ಹೇಳಬೇಕು.

ಇಷ್ಟರಲ್ಲಿ ಅವರ ಯೋಚನೆ ಹಳ್ಳಿಯಿಂದ ರಾಜ್ಯಕ್ಕೆ, ರಾಜ್ಯದಿಂದ ಜಗತ್ತಿಗೆ ಹರಡಿತ್ತು. ಬ್ರೆಜಿಲಿನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೋಹಾನ್ಸನ್, ಅಮೆರಿಕದ ವಿಲಿಯಮ್ಸ್ ಮತ್ತು ಇವರು ಸೇರಿ 1985ರಲ್ಲಿ ಒಂದು ಲೆಕ್ಕ ಮುಂದಿಟ್ಟರು. ಒಳ್ಳೆಯ ಯಂತ್ರ, ಒಳ್ಳೆಯ ದೀಪ, ಒಳ್ಳೆಯ ಒಲೆ ಬಳಸಿದರೆ ಒಬ್ಬ ಮನುಷ್ಯನಿಗೆ ಸರಾಸರಿ ಒಂದು ಕಿಲೋವ್ಯಾಟ್ ಸಾಕು. ಅಷ್ಟರಲ್ಲೇ ಬಡ ದೇಶದವರೂ 1970ರ ದಶಕದ ಪಶ್ಚಿಮ ಯುರೋಪಿನವರಷ್ಟು ಸುಖವಾಗಿ ಬದುಕಬಹುದು ಎಂಬುದು ಆ ಲೆಕ್ಕ. ಜನರಿಗೆ ಬೇಕಾದದ್ದು ಯೂನಿಟ್ಟುಗಳಲ್ಲ, ಬೆಂದ ಅನ್ನ, ಬೆಳಕು, ನೀರು ಎಂಬುದು ಅವರ ವಾದದ ತಿರುಳು. ನಾಲ್ವರೂ ಸೇರಿ ಬರೆದ ಪುಸ್ತಕ 1988ರಲ್ಲಿ ಪ್ರಕಟವಾಯಿತು, 2000ದಲ್ಲಿ ನಾಲ್ವರಿಗೂ ಒಟ್ಟಿಗೆ ವೋಲ್ವೋ ಪರಿಸರ ಪ್ರಶಸ್ತಿ ಬಂತು.

ನಮ್ಮ ಜಿಲ್ಲೆಯ ಹೆಸರು ಅವರ ಬರಹದಲ್ಲಿ ಬರುವುದು ಕೈಗಾದಿಂದ. ಕರ್ನಾಟಕಕ್ಕೆ 2000ನೇ ಇಸವಿಗೆ ಎಷ್ಟು ಕರೆಂಟು ಬೇಕಾಗುತ್ತದೆ ಎಂದು ಸರ್ಕಾರದ ಸಮಿತಿ ದೊಡ್ಡ ಅಂದಾಜು ಮಾಡಿತ್ತು. ರೆಡ್ಡಿಯವರು ಮತ್ತು ಸಂಗಡಿಗರು ಬೇರೆ ದಾರಿಯಲ್ಲಿ ಲೆಕ್ಕ ಮಾಡಿ, ಎಲ್ಲರ ಮನೆಗೂ ದೀಪ ಕೊಟ್ಟು, ಪೋಲು ತಡೆದರೆ ಅದರ ಅರ್ಧಕ್ಕಿಂತ ಕಡಿಮೆ ಸಾಕೆಂದು ತೋರಿಸಿದರು. ಅಣುವಿದ್ಯುತ್ತು ದುಬಾರಿ ಎಂದೂ ಲೆಕ್ಕ ಸಹಿತ ವಾದಿಸಿದರು. ಕೈಗಾ ಆದರೂ ಕಟ್ಟಿ ಮುಗಿಯಿತು, 2000ದಲ್ಲಿ ಅದರ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಶುರುಮಾಡಿದವು. ನಮ್ಮ ಕಾಲೇಜಿನಲ್ಲೇ ಕೈಗಾದಲ್ಲಿ ದುಡಿಯುವವರ ಸಂಬಂಧಿಕರು ಇದ್ದಾರೆ, ಆ ವಾದವನ್ನು ಎಲ್ಲರೂ ಒಪ್ಪಲಿಕ್ಕಿಲ್ಲ. ನನಗೂ ಪೂರ್ತಿ ತೀರ್ಮಾನ ಹೇಳುವಷ್ಟು ಓದಿಲ್ಲ. ಆದರೆ ಸರ್ಕಾರಿ ಸಂಸ್ಥೆಯಲ್ಲಿ ಸಂಬಳ ತೆಗೆದುಕೊಳ್ಳುವ ಪ್ರೊಫೆಸರು ಸರ್ಕಾರದ ಲೆಕ್ಕವನ್ನು ಲೆಕ್ಕದಿಂದಲೇ ಎದುರಿಸಿದ್ದು ನನಗೆ ಮೆಚ್ಚುಗೆಯಾಯಿತು. 1991ರಲ್ಲಿ ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲೇ ಇಂಟರ್‌ನ್ಯಾಷನಲ್ ಎನರ್ಜಿ ಇನಿಶಿಯೇಟಿವ್ ಎಂಬ ಸಂಸ್ಥೆ ಕಟ್ಟಿ, ಒಂದು ಪತ್ರಿಕೆ ತಂದು, ಕೊನೆಯವರೆಗೂ ಇದೇ ಕೆಲಸದಲ್ಲಿದ್ದರು. ಅಸ್ತ್ರ ಮುಂದೆ ಹೆಸರು ಬದಲಿಸಿಕೊಂಡು ಅದೇ ಸಂಸ್ಥೆಯಲ್ಲಿ ಸುಸ್ಥಿರ ತಂತ್ರಜ್ಞಾನ ಕೇಂದ್ರವಾಗಿದೆ.

ಓದುವಾಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ರೆಡ್ಡಿಯವರು ಲಂಡನ್ನಿನಲ್ಲಿ ಓದಿದ ದಶಕದಲ್ಲೇ, 1952ರ ಡಿಸೆಂಬರಿನಲ್ಲಿ, ಆ ಊರನ್ನು ಕಲ್ಲಿದ್ದಲ ಹೊಗೆ ಐದು ದಿನ ಮುಚ್ಚಿಕೊಂಡು ಸಾವಿರಾರು ಜನ ಸತ್ತರು. 1956ರಲ್ಲಿ ಅಲ್ಲಿ ಕಾನೂನು ಬಂತು. ಹೊಗೆ ನಿಯಂತ್ರಿತ ಪ್ರದೇಶ ಎಂದು ಘೋಷಿಸಿದ ಕಡೆ ಪರೀಕ್ಷೆಯಾಗಿ ಮಂಜೂರಾದ ಒಲೆ ಇಲ್ಲದೆ ಕಟ್ಟಿಗೆ ಉರಿಸುವಂತಿಲ್ಲ, ಇವತ್ತಿಗೂ. ಆ ಕಾನೂನು ನೋಡುವುದು ಮನೆಯ ಚಿಮಣಿಯಿಂದ ಹೊರಬರುವ ಹೊಗೆಯನ್ನು. ನಮ್ಮ ಕಡೆ ಹೊಗೆ ಹೊರಗೆ ಹೋಗುವುದೇ ಇಲ್ಲ, ನಾನಿಯ ಜೊತೆ ಒಳಗೇ ಇರುತ್ತದೆ. ನಮ್ಮಲ್ಲಿ ಕಾನೂನು ಕಾಯುವುದು ಕಾಡನ್ನು, ಅಂದರೆ ಕಟ್ಟಿಗೆಯನ್ನು.

ಹಾಗೆಂದು ನಮ್ಮ ದೇಶದಲ್ಲಿ ಒಲೆಗೆ ಅಳತೆಗೋಲು ಇಲ್ಲವೆಂದಲ್ಲ. ಎತ್ತಿ ಇಡಬಹುದಾದ ಕಟ್ಟಿಗೆ ಒಲೆಗಳಿಗೆ ಐಎಸ್ 13152 ಎಂಬ ಮಾನದಂಡ ಇದೆ, 2013ರಲ್ಲಿ ಅದನ್ನು ಬಿಗಿಗೊಳಿಸಿದರು. ಫ್ಯಾನ್ ಇಲ್ಲದ ಒಲೆಯ ದಕ್ಷತೆ ಕನಿಷ್ಠ ಶೇ. 25, ಫ್ಯಾನ್ ಇದ್ದರೆ ಶೇ. 35 ಇರಬೇಕು. ಹೊಗೆಯ ಕಣಗಳು ಪಾತ್ರೆಗೆ ಸೇರುವ ಪ್ರತಿ ಮೆಗಾಜೂಲ್ ಶಾಖಕ್ಕೆ ಫ್ಯಾನ್ ಇಲ್ಲದ್ದರಲ್ಲಿ 350 ಮಿಲಿಗ್ರಾಂ, ಇರುವುದರಲ್ಲಿ 150 ಮಿಲಿಗ್ರಾಂ ಮೀರಬಾರದು. ಅಂಗಡಿಯಲ್ಲಿ ಒಲೆ ತೋರಿಸುವವರು ಈ ಸಂಖ್ಯೆಗಳನ್ನು ಹೇಳುವುದಿಲ್ಲ, ನಾವೇ ಕೇಳಬೇಕು.

ನಮಗೆ ಆಗ ಕೇಳಲು ಗೊತ್ತಿರಲಿಲ್ಲ. ಮಾಮು ಒಂದು ಫ್ಯಾನ್ ಇರುವ ಒಲೆ ತಂದರು. ಹೊಳೆಯುವ ಸ್ಟೀಲು, ಬ್ಯಾಟರಿ, ನೀಲಿ ಜ್ವಾಲೆ, ಹೊಗೆಯೇ ಇಲ್ಲ. ನಾನಿ ಎರಡು ತಿಂಗಳು ಖುಷಿಯಾಗಿದ್ದರು. ಅದಕ್ಕೆ ಬೇಕಾದದ್ದು ಗುಳಿಗೆಯಂತೆ ಒತ್ತಿದ ಹೊಟ್ಟಿನ ಉಂಡೆಗಳು. ಒಲೆಯ ಜೊತೆ ಬಂದ ಚೀಲ ಮುಗಿದ ಮೇಲೆ ಅವು ಸಿಗಲಿಲ್ಲ. ಸಣ್ಣಗೆ ಕಡಿದ ಕಟ್ಟಿಗೆ ಹಾಕಿದರೂ ನಡೆಯುತ್ತದೆ ಎಂದು ಮಾರಿದವರು ಹೇಳಿದ್ದರು. ಹೆಬ್ಬೆರಳಿನಷ್ಟು ತುಂಡು ಮಾಡುವಷ್ಟು ಹೊತ್ತಿನಲ್ಲಿ ಹಳೆಯ ಒಲೆಯಲ್ಲಿ ಅಡುಗೆಯೇ ಆಗಿರುತ್ತದೆ ಎಂದು ನಾನಿ ಅದನ್ನು ಅಟ್ಟಕ್ಕೆ ಏರಿಸಿದರು. ನಾಲ್ಕು ಸಾವಿರ ರೂಪಾಯಿ ಅಟ್ಟದಲ್ಲಿದೆ.

ಪುರದ ಕತೆ ಓದಿದ ಮೇಲೆ ನಾನು ಮಾಡಿದ ಮೊದಲ ಕೆಲಸ ರಾಮನಗರಕ್ಕೆ ಹೋಗಿ ಒಂದು ದಿನ ನಾನಿಯ ಒಲೆಯ ಪಕ್ಕ ಸುಮ್ಮನೆ ಕೂತದ್ದು. ಹಳಿಯಾಳದ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗುವಾಗ ತಕ್ಕಡಿ ಒಯ್ದಿದ್ದೆ, ಮಾಮಿ ನಕ್ಕರು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಉರಿದ ಕಟ್ಟಿಗೆ ತೂಗಿದೆ. ಹದಿಮೂರು ಕಿಲೋ. ಅದರಲ್ಲಿ ಆರು ಕಿಲೋ ಬಚ್ಚಲ ಒಲೆಗೇ ಹೋಯಿತು. ನಾವೆಲ್ಲ ಅಡುಗೆ ಒಲೆಯ ಚಿಂತೆಯಲ್ಲಿದ್ದರೆ ಅರ್ಧದಷ್ಟು ಕಟ್ಟಿಗೆ ಸ್ನಾನದ ನೀರಿನಲ್ಲಿ ಹೋಗುತ್ತಿತ್ತು. ಒಂದೇ ದಿನದ, ಒಂದೇ ಮನೆಯ ಲೆಕ್ಕ ಇದು, ಸಂಶೋಧನೆ ಎಂದು ಯಾರೂ ತಿಳಿಯಬೇಡಿ. ಹಸಿ ಕಟ್ಟಿಗೆ ಅಂಗಳದ ಮೂಲೆಯಲ್ಲಿ ಮಳೆಗೆ ನೆನೆಯುತ್ತಿತ್ತು. ಅದರ ಮೇಲೆ ಎರಡು ತಗಡು ಹೊದಿಸಲು ಮಾಮುವಿಗೆ ಅರ್ಧ ತಾಸು ಸಾಕಾಯಿತು.

ಆಮೇಲೆ ನಾನಿಗೇ ಕೇಳಿದೆ, ಎಂಥ ಒಲೆ ಬೇಕೆಂದು. ಒಂದೂವರೆ ವರ್ಷದ ಚರ್ಚೆಯಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಕೂತು ಮಾಡುವಂಥದ್ದಲ್ಲ, ನಿಂತು ಮಾಡುವಂಥ ಎತ್ತರದ ಕಟ್ಟೆ ಬೇಕು, ಮೊಣಕಾಲು ನೋಯುತ್ತದೆ ಎಂದರು. ರೊಟ್ಟಿ ಹಂಚು ಇಡಲು ಒಂದು ಜಾಗ ಬೇಕು. ಮೂರು ತೂತು ಬೇಡ, ಈಗ ಮನೆಯಲ್ಲಿ ಇರುವುದು ಐದು ಜನ, ಎರಡು ಸಾಕು. ಈದಿಗೆ ಎಲ್ಲರೂ ಬಂದಾಗ ದೊಡ್ಡ ಡೇಗನ್ನು ಹೊರಗೆ ಮೂರು ಕಲ್ಲಿನ ಮೇಲೆಯೇ ಇಡೋಣ, ಅದಕ್ಕಾಗಿ ಒಲೆ ಕೆಡಿಸುವುದು ಬೇಡ. ಚಿಮಣಿಯ ಮಸಿ ತೆಗೆಯುವುದು ಯಾರು ಎಂದೂ ಅವರೇ ಕೇಳಿದರು. ಮಾಮು ತಿಂಗಳಿಗೊಮ್ಮೆ ತಾನು ತೆಗೆಯುತ್ತೇನೆಂದು ಒಪ್ಪಿಕೊಂಡಿದ್ದಾರೆ. ನಾನು ಈ ಮಾತನ್ನು ಇಲ್ಲಿ ಅಚ್ಚು ಹಾಕಿಸುತ್ತಿರುವುದು ಬೇಕೆಂದೇ.

ಮುಂಡಗೋಡ ಕಡೆ ಅಸ್ತ್ರ ಮಾದರಿಯ ಒಲೆ ಕಟ್ಟಿ ಗೊತ್ತಿರುವ ಗೌಂಡಿಯೊಬ್ಬರು ಸಿಕ್ಕಿದ್ದಾರೆ. ಮಳೆಗಾಲದಲ್ಲಿ ಮಣ್ಣು ಒಣಗುವುದಿಲ್ಲ, ದೀಪಾವಳಿ ಕಳೆಯಲಿ ಎಂದು ಅವರು ಹೇಳಿದ್ದಾರೆ. ಫೋನಿನಲ್ಲಿ ಅವರು ಮೊದಲು ಕೇಳಿದ್ದು ದುಡ್ಡಲ್ಲ, ದಿನಾ ಬಳಸುವ ಎರಡು ಪಾತ್ರೆಗಳ ಅಗಲ. ನಾನಿಯ ಅನ್ನದ ಪಾತ್ರೆ ಅಂಚಿನಲ್ಲಿ ಹತ್ತು ಇಂಚು, ಸಾರಿನದ್ದು ಎಂಟು. ದಾರ ಸುತ್ತಿ ಎರಡೆರಡು ಸಲ ಅಳೆದು ಕಳಿಸಿದ್ದೇನೆ.